ಹಾರುವ ಹಕ್ಕಿಯ ಚಿತ್ರ: ಹಿಡಿದದ್ದೆಷ್ಟು, ಬಿಟ್ಟದ್ದೆಷ್ಟು?

ನಿಮ್ಮ ಮನೆಯ ಗೋಡೆಯ ಮೇಲೆ ಹಕ್ಕಿಗಳ ಕ್ಯಾಲೆಂಡರ್ ಇದ್ದರೆ ಒಮ್ಮೆ ಎದ್ದು ಹೋಗಿ ನೋಡಿ. ಹಾರುತ್ತಿರುವ ಹಕ್ಕಿಯ ಚಿತ್ರ ಅದರಲ್ಲಿ ಒಂದಾದರೂ ಇದ್ದೀತು. ಆ ಹಕ್ಕಿಯ ರೆಕ್ಕೆಗಳು ಎಲ್ಲಿವೆ? ಬೆನ್ನಿನ ಮೇಲಕ್ಕೆ ಪೂರ್ತಿ ಎತ್ತಿರುತ್ತವೆ, ಇಲ್ಲವೇ ಹೊಟ್ಟೆಯ ಕೆಳಗೆ ಪೂರ್ತಿ ಇಳಿದಿರುತ್ತವೆ ಎಂಬುದು ನನ್ನ ಊಹೆ. ಹಿನ್ನೆಲೆ ನುಣುಪಾದ ಹಸಿರು ಅಥವಾ ನೀಲಿ ಬಣ್ಣ. ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕೆ. ಕೊಕ್ಕಿನ ಮುಂದೆ ಒಂದಷ್ಟು ಖಾಲಿ ಜಾಗ. ಒಂದೊಂದು ಗರಿಯನ್ನೂ ಎಣಿಸಬಹುದು. ಚಿತ್ರ ಬಹಳ ಚೆನ್ನಾಗಿದೆ ಎಂದು ನೀವು ಹೇಳುತ್ತೀರಿ. ನಾನೂ ಹಾಗೆಯೇ ಹೇಳುತ್ತಿದ್ದೆ.

ಭೌತವಿಜ್ಞಾನದ ಪಾಠ ಹೇಳುವ ನನಗೆ ಈ ಚಿತ್ರಗಳ ಬಗ್ಗೆ ಅನುಮಾನ ಹುಟ್ಟಿಸಿದವರು ನನ್ನ ವಿದ್ಯಾರ್ಥಿಗಳು. ತರಗತಿಯಲ್ಲಿ ಒಮ್ಮೆ ಹಾರಾಟದ ಪಾಠ ಆರಂಭಿಸುವ ಮುನ್ನ, ಹಾರುವ ಪಾರಿವಾಳವನ್ನು ಬಿಡಿಸಿ, ಅದರ ಮೇಲೆ ವರ್ತಿಸುವ ಬಲಗಳನ್ನು ಬಾಣಗಳಿಂದ ಗುರುತಿಸಿ ಎಂದೆ. ಹೆಚ್ಚುಕಡಿಮೆ ಎಲ್ಲರ ಪಾರಿವಾಳವೂ ರೆಕ್ಕೆಗಳನ್ನು ಮೇಲೆತ್ತಿ ನಿಂತಿತ್ತು. ಹಕ್ಕಿಯನ್ನು ಮೇಲೆತ್ತುವ ಬಲದ ಬಾಣವನ್ನು ಅವರು ಆ ಮೇಲೆತ್ತಿದ ರೆಕ್ಕೆಗಳಿಗೇ ಹಚ್ಚಿದ್ದರು. ಆದರೆ ಆ ಕ್ಷಣದಲ್ಲಿ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತಿರುವುದಿಲ್ಲ. ಅದು ತಿರುಗುವ ಘಟ್ಟದಲ್ಲಿರುತ್ತದೆ. ಆ ಮಕ್ಕಳು ಪಾರಿವಾಳ ಕಾಣದವರಲ್ಲ, ದಿನವೂ ಕಾಲೇಜಿನ ಚಾವಣಿಯ ಮೇಲೆ ನೋಡುವವರೇ. ಬರೆಯಲು ಕುಳಿತಾಗ ಮಾತ್ರ ಅವರಿಗೆ ಕಂಡ ಹಕ್ಕಿಗಿಂತ ಚಿತ್ರದ ಹಕ್ಕಿಯೇ ನೆನಪಾಯಿತು. ಹಾಗಾದರೆ ನಮ್ಮ ಹಕ್ಕಿ ಚಿತ್ರಗಳು ಏನನ್ನು ತೋರಿಸುತ್ತಿವೆ, ಏನನ್ನು ಬಿಟ್ಟುಬಿಡುತ್ತಿವೆ? ಈ ಲೇಖನದಲ್ಲಿ ಅದನ್ನು ನಿಮ್ಮೊಡನೆ ಪರಿಶೀಲಿಸಲು ಬಯಸುತ್ತೇನೆ.

ಪ್ರತಿಬಿಂಬದ ಓಟ

ಮೊದಲಿಗೆ ಒಂದು ಸಣ್ಣ ಲೆಕ್ಕ. ಹಕ್ಕಿಯೊಂದು ನಿಮ್ಮಿಂದ 20 ಮೀಟರ್ ದೂರದಲ್ಲಿ ಎಡದಿಂದ ಬಲಕ್ಕೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಾರುತ್ತಿದೆ ಎಂದುಕೊಳ್ಳಿ. ನಿಮ್ಮ ಮಸೂರದ ಸಂಗಮ ದೂರ 400 ಮಿ.ಮೀ. ಪ್ರತಿಬಿಂಬದ ಗಾತ್ರ ಹಕ್ಕಿಯ ಗಾತ್ರದ ಸುಮಾರು ಐವತ್ತನೇ ಒಂದು ಭಾಗ. ಆದ್ದರಿಂದ ಪ್ರತಿಬಿಂಬವೂ ಸಂವೇದಕದ ಮೇಲೆ ಹಕ್ಕಿಯ ವೇಗದ ಐವತ್ತನೇ ಒಂದು ಭಾಗದಷ್ಟು, ಅಂದರೆ ಸೆಕೆಂಡಿಗೆ 200 ಮಿ.ಮೀ. ವೇಗದಲ್ಲಿ ಓಡುತ್ತದೆ. ಷಟರ್ 1/1000 ಸೆಕೆಂಡ್ ಮಾತ್ರ ತೆರೆದಿದ್ದರೂ ಅಷ್ಟರಲ್ಲಿ ಪ್ರತಿಬಿಂಬ 0.2 ಮಿ.ಮೀ. ಸರಿದಿರುತ್ತದೆ. 36 ಮಿ.ಮೀ. ಅಗಲದಲ್ಲಿ 6000 ಪಿಕ್ಸೆಲ್‌ಗಳಿರುವ ಸಂವೇದಕದಲ್ಲಿ ಇದು 33 ಪಿಕ್ಸೆಲ್‌ಗಳಿಗೆ ಸಮ. ಕಣ್ಣು, ಕೊಕ್ಕು ಎಲ್ಲವೂ ಕಲಸಿಹೋಗಲು ಇಷ್ಟು ಸಾಕು.

ಇದನ್ನು ಷಟರ್ ವೇಗ ಒಂದರಿಂದಲೇ ಸರಿಪಡಿಸುತ್ತೇನೆಂದರೆ 1/33000 ಸೆಕೆಂಡ್ ಬೇಕಾಗುತ್ತದೆ. ಅದಕ್ಕೆ ಸಾಕಾಗುವಷ್ಟು ಬೆಳಕು ನಮ್ಮ ಕೆರೆಯಂಗಳದ ಮುಂಜಾವಿನಲ್ಲಿ ಸಿಗದು. ಆದ್ದರಿಂದಲೇ ಛಾಯಾಗ್ರಾಹಕರು ಹಕ್ಕಿಯ ಜೊತೆಗೆ ಕ್ಯಾಮೆರಾವನ್ನೂ ತಿರುಗಿಸುತ್ತಾ ಹೋಗುತ್ತಾರೆ. ಇದಕ್ಕೆ ಪ್ಯಾನಿಂಗ್ ಎಂದು ಹೆಸರು. ಮೇಲಿನ ಉದಾಹರಣೆಯಲ್ಲಿ ಕ್ಯಾಮೆರಾ ಸೆಕೆಂಡಿಗೆ ಅರ್ಧ ರೇಡಿಯನ್, ಅಂದರೆ ಸುಮಾರು 29 ಡಿಗ್ರಿ ತಿರುಗಬೇಕು. ಕೈ ಪಳಗಿ ನೂರಕ್ಕೆ ತೊಂಬತ್ತೈದರಷ್ಟು ನಿಖರವಾಗಿ ಹಿಂಬಾಲಿಸಿದರೆ ಉಳಿಯುವ ಮಸುಕು ಎರಡು ಪಿಕ್ಸೆಲ್‌ಗಿಂತ ಕಡಿಮೆ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್ ಅವರಂಥವರು ಕೈಯಿಂದಲೇ ಮಸೂರ ಹೊಂದಿಸಿಕೊಂಡು, ಮೂವತ್ತಾರು ಚಿತ್ರಗಳಿಗೆ ಮುಗಿದುಹೋಗುವ ಫಿಲಂ ಸುರುಳಿಯಲ್ಲಿ ಕೆಲಸ ಮಾಡಿದವರು. ಸ್ವಯಂಚಾಲಿತವಾಗಿ ಹಕ್ಕಿಯ ಕಣ್ಣನ್ನೇ ಹುಡುಕಿ ನಾಭೀಕರಿಸುವ ಇಂದಿನ ಕ್ಯಾಮೆರಾ ಹಿಡಿದವರು ಅವರ ಶ್ರಮವನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ರೆಕ್ಕೆ ತುದಿಯ ಲೆಕ್ಕ

ಪ್ಯಾನಿಂಗ್ ಹಕ್ಕಿಯ ಮೈಯನ್ನು ನಿಲ್ಲಿಸುತ್ತದೆ, ರೆಕ್ಕೆಯನ್ನಲ್ಲ. ಪಾರಿವಾಳದ ರೆಕ್ಕೆ ಭುಜದಿಂದ ತುದಿಗೆ ಸುಮಾರು 30 ಸೆ.ಮೀ. ಉದ್ದವಿದೆ, ಅದು ಸೆಕೆಂಡಿಗೆ 7 ಬಾರಿ ಬಡಿಯುತ್ತದೆ, ಪ್ರತಿ ಬಡಿತದಲ್ಲಿ ಮೇಲಿನಿಂದ ಕೆಳಕ್ಕೆ 90 ಡಿಗ್ರಿ ಸಾಗುತ್ತದೆ ಎಂದಿಟ್ಟುಕೊಳ್ಳೋಣ. ಈ ಚಲನೆಯನ್ನು ಸ್ಥೂಲವಾಗಿ ಸರಳ ಸಂಗತ ಚಲನೆ ಎಂದು ಭಾವಿಸಿದರೆ, ಬಡಿತದ ನಡುಘಟ್ಟದಲ್ಲಿ ರೆಕ್ಕೆ ತುದಿಯ ವೇಗ ಸೆಕೆಂಡಿಗೆ ಸುಮಾರು 10 ಮೀಟರ್. ಹಕ್ಕಿ ಮುಂದಕ್ಕೆ ಸಾಗುವ ವೇಗಕ್ಕೆ ಇದು ಹೆಚ್ಚುಕಡಿಮೆ ಸಮ! ಷಟರ್ 1/2000 ಸೆಕೆಂಡಿಗೆ ಇಟ್ಟರೂ ತುದಿ 5 ಮಿ.ಮೀ. ಸರಿಯುತ್ತದೆ, ಸಂವೇದಕದ ಮೇಲೆ ಅದು 17 ಪಿಕ್ಸೆಲ್. ಚಿತ್ರವನ್ನು 25 ಸೆ.ಮೀ. ಅಗಲಕ್ಕೆ ಮುದ್ರಿಸಿದರೆ ಮುಕ್ಕಾಲು ಮಿಲಿಮೀಟರಿನಷ್ಟು ಮಸುಕು ಬರಿಗಣ್ಣಿಗೇ ಕಾಣಿಸುತ್ತದೆ.

ಅದೇ ರೆಕ್ಕೆ ಮೇಲಿನ ಅಥವಾ ಕೆಳಗಿನ ಕೊನೆಯನ್ನು ಮುಟ್ಟಿದಾಗ ಒಂದು ಕ್ಷಣ ಅದರ ವೇಗ ಸೊನ್ನೆ. ಉಯ್ಯಾಲೆ ತುದಿಯಲ್ಲಿ ತಡೆದು ನಿಂತಂತೆ. ಆಗ ತೆಗೆದ ಚಿತ್ರದಲ್ಲಿ ಮಸುಕಿಲ್ಲ. ಇಷ್ಟೇ ಅಲ್ಲ, ಸರಳ ಸಂಗತ ಚಲನೆಯಲ್ಲಿ ವಸ್ತು ತನ್ನ ಕಾಲದ ಮೂರನೇ ಎರಡು ಭಾಗವನ್ನು ಹಾದಿಯ ಎರಡು ತುದಿಗಳ ಕಡೆಯ ಅರ್ಧದಲ್ಲಿ ಕಳೆಯುತ್ತದೆ. ನಡುವಿನ ಅರ್ಧವನ್ನು ದಾಟಲು ಅದಕ್ಕೆ ಮೂರನೇ ಒಂದು ಭಾಗ ಸಾಕು. ನೀವು ಕಣ್ಣುಮುಚ್ಚಿ ಗುಂಡಿ ಒತ್ತಿದರೂ ತುದಿಘಟ್ಟದ ಚಿತ್ರಗಳೇ ಹೆಚ್ಚು ಸಿಗುತ್ತವೆ. ಅವುಗಳಲ್ಲಿ ಚೂಪಾಗಿರುವವನ್ನು ಉಳಿಸಿಕೊಂಡು ಮಸುಕಾದವನ್ನು ಅಳಿಸಿದಾಗ ನಡುಘಟ್ಟದವು ಎರಡನೇ ಬಾರಿ ಸೋಸಿಹೋಗುತ್ತವೆ. ಸ್ಪರ್ಧೆಯ ತೀರ್ಪುಗಾರರು, ಕ್ಯಾಲೆಂಡರಿನ ಸಂಪಾದಕರು ಮೂರನೇ ಬಾರಿ ಸೋಸುತ್ತಾರೆ. ಹೀಗೆ ಸೋಸಿ ಉಳಿದದ್ದು ನಮ್ಮ ಗೋಡೆಗೆ ಬರುತ್ತದೆ.

ಹಾಗೆ ಸೋರಿಹೋದದ್ದಾದರೂ ಏನು? ಕೆಳಬಡಿತದ ನಡುಘಟ್ಟ. ಹಕ್ಕಿಯ ಭಾರವನ್ನು ಹೊತ್ತು, ಅದನ್ನು ಮುಂದಕ್ಕೂ ನೂಕುವ ಬಲ ಅತಿ ಹೆಚ್ಚಾಗಿರುವುದು ಆಗಲೇ. ರೆಕ್ಕೆ ಪೂರ್ತಿ ಬಿಚ್ಚಿರುತ್ತದೆ. ತುದಿಗರಿಗಳು ಗಾಳಿಯ ಒತ್ತಡಕ್ಕೆ ಮೇಲಕ್ಕೆ ಬಾಗಿರುತ್ತವೆ. ಗರಿಯ ಬಾಗು ಬಲದ ಗುರುತು. ಸ್ಪ್ರಿಂಗ್ ತಕ್ಕಡಿ ಎಳೆದು ಬಲ ಅಳೆಯುವ ನಮಗೆ ಇದಕ್ಕಿಂತ ಒಳ್ಳೆಯ ಚಿತ್ರ ಬೇರೆ ಬೇಕೆ? ಹಾರಾಟ ನಡೆಯುವ ಕ್ಷಣವನ್ನು ಬಿಟ್ಟು, ಅದು ಎರಡು ಬಡಿತಗಳ ನಡುವೆ ತಡೆದು ನಿಲ್ಲುವ ಕ್ಷಣಕ್ಕೆ ನಾವು ಬಹುಮಾನ ಕೊಡುತ್ತಿದ್ದೇವೆ. ತೇಲುವ ಹದ್ದು, ಗರುಡಗಳ ಚಿತ್ರಗಳಿಗೆ ಈ ಆಕ್ಷೇಪ ಹೊಂದದು. ಬಡಿದು ಹಾರುವ ಹಕ್ಕಿಗಳ ಚಿತ್ರಗಳಿಗೆ ಮಾತ್ರ ಚೆನ್ನಾಗಿ ಹೊಂದುತ್ತದೆ.

ಇಲ್ಲೊಂದು ಎಚ್ಚರಿಕೆಯೂ ಬೇಕು. ಮೊಬೈಲ್ ಫೋನ್ ಮತ್ತು ಅನೇಕ ಕ್ಯಾಮೆರಾಗಳ ಎಲೆಕ್ಟ್ರಾನಿಕ್ ಷಟರ್ ಚಿತ್ರವನ್ನು ಒಂದೇ ಬಾರಿಗೆ ಹಿಡಿಯುವುದಿಲ್ಲ, ಸಾಲುಸಾಲಾಗಿ ಓದುತ್ತದೆ. ಪೂರ್ತಿ ಓದಲು 1/30 ಸೆಕೆಂಡ್ ಹಿಡಿದರೆ ಅಷ್ಟರಲ್ಲಿ ನಮ್ಮ ಪಾರಿವಾಳ ಒಂದು ಬಡಿತದ ಕಾಲು ಭಾಗವನ್ನು ಮುಗಿಸಿರುತ್ತದೆ. ಚಿತ್ರದ ಮೇಲಂಚಿನಲ್ಲಿರುವ ರೆಕ್ಕೆಯೂ ಕೆಳಗಿರುವ ಕಾಲೂ ಒಂದೇ ಹೊತ್ತಿನವಲ್ಲ. ರೆಕ್ಕೆ ವಿಚಿತ್ರವಾಗಿ ಬಾಗಿದಂತೆ ಕಂಡರೆ ಅದು ಗಾಳಿಯ ಕೆಲಸವೋ ಸಂವೇದಕದ ಕೆಲಸವೋ ಎಂದು ಕೇಳಿಕೊಳ್ಳಬೇಕು. ಇಡೀ ಚಿತ್ರವನ್ನು ಒಟ್ಟಿಗೇ ಹಿಡಿಯುವ ಗ್ಲೋಬಲ್ ಷಟರ್ ಇರುವ ಸೋನಿ ಆಲ್ಫಾ 9-3 ಕ್ಯಾಮೆರಾವನ್ನು 2023ರ ನವೆಂಬರಿನಲ್ಲಿ ಪ್ರಕಟಿಸಲಾಯಿತು. ಅದರ ಬೆಲೆ ನಮ್ಮಲ್ಲಿ ಬಹುಪಾಲು ಜನರ ಕೈಗೆ ಎಟಕುವಂಥದಲ್ಲ.

ಮೂವರು ಮಾಡಿದ ಮೂರು ಬಗೆಯ ಚಿತ್ರ

ಈಗ ಮೂರು ಮಾದರಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಫ್ರಾನ್ಸಿನ ಶರೀರವಿಜ್ಞಾನಿ ಎಟಿಯೆನ್ ಜೂಲ್ಸ್ ಮರೇ 1882ರಲ್ಲಿ ಬಂದೂಕಿನ ಆಕಾರದ ಕ್ಯಾಮೆರಾ ಒಂದನ್ನು ರಚಿಸಿದ. ಗುರಿಯಿಟ್ಟು ಕುದುರೆ ಎಳೆದರೆ ಅದು ಸೆಕೆಂಡಿಗೆ 12 ಚಿತ್ರ ತೆಗೆಯುತ್ತಿತ್ತು. ಒಂದೊಂದು ಚಿತ್ರಕ್ಕೂ 1/720 ಸೆಕೆಂಡ್. ಆಮೇಲೆ ಆತ ಒಂದೇ ಗಾಜಿನ ಫಲಕದ ಮೇಲೆ ಹಾರಾಟದ ಹಲವು ಘಟ್ಟಗಳನ್ನು ಸಾಲಾಗಿ ಮೂಡಿಸುವ ವಿಧಾನವನ್ನೂ ಕಂಡುಕೊಂಡ. ಕಪ್ಪು ಹಿನ್ನೆಲೆಯ ಮುಂದೆ ಬಿಳಿಯ ಹಕ್ಕಿ. ಒಂದರ ಮೇಲೊಂದು ಏರಿದ ರೆಕ್ಕೆಗಳು. ಪಕ್ಕದಿಂದ, ಮುಂದಿನಿಂದ, ಮೇಲಿನಿಂದ ಹೀಗೆ ಮೂರು ದಿಕ್ಕುಗಳಿಂದ ತೆಗೆದ ಚಿತ್ರಗಳ ಆಧಾರದ ಮೇಲೆ ಕಡಲಹಕ್ಕಿಯ ಬಡಿತದ ಘಟ್ಟಗಳನ್ನು ಶಿಲ್ಪವಾಗಿಯೂ ಮಾಡಿಸಿದ. ಹಕ್ಕಿಗಳ ಹಾರಾಟವನ್ನು ಕುರಿತ ಆತನ ಗ್ರಂಥ 1890ರಲ್ಲಿ ಹೊರಬಂತು.

ಸಂಯೋಜನೆಯ ದೃಷ್ಟಿಯಿಂದ ಮರೇಯ ಚಿತ್ರಗಳಿಗೆ ಇಂದಿನ ಯಾವ ಸ್ಪರ್ಧೆಯಲ್ಲೂ ಬಹುಮಾನ ಬರಲಾರದು. ಅವುಗಳಲ್ಲಿ ಆಕಾಶವಿಲ್ಲ, ನೀರಿಲ್ಲ, ಕಣ್ಣಿನ ಹೊಳಪಿಲ್ಲ. ಆದರೆ ನಡುಘಟ್ಟವಿದೆ. ಯಾವ ಘಟ್ಟವನ್ನೂ ಆತ ಆರಿಸಿ ತೆಗೆಯಲಿಲ್ಲ, ಗಡಿಯಾರಕ್ಕೆ ಬಿಟ್ಟ. ಸಮಾನ ಕಾಲಾಂತರದಲ್ಲಿ ಬಂದದ್ದೆಲ್ಲವೂ ಅಲ್ಲಿದೆ. ಆ ಪ್ರಾಮಾಣಿಕತೆಯೇ ಅವುಗಳ ಸೌಂದರ್ಯ ಎಂದು ನನಗನ್ನಿಸುತ್ತದೆ.

ಎರಡನೆಯ ಮಾದರಿ ಬ್ರಿಟನ್ನಿನ ಎರಿಕ್ ಹಾಸ್ಕಿಂಗ್ 1948ರಲ್ಲಿ ತೆಗೆದ ಕಣಜ ಗೂಬೆಯ ಚಿತ್ರ. ಬೇಟೆಯನ್ನು ಕೊಕ್ಕಿನಲ್ಲಿ ಹಿಡಿದು ರಾತ್ರಿಯಲ್ಲಿ ಮರಳುತ್ತಿರುವ ಗೂಬೆ ಎರಡೂ ರೆಕ್ಕೆಗಳನ್ನು ಹರಡಿ ರಾಜಲಾಂಛನದಂತೆ ನಿಂತಿದೆ. ಎಲೆಕ್ಟ್ರಾನಿಕ್ ಫ್ಲ್ಯಾಶ್‌ನ ಅತ್ಯಲ್ಪ ಕಾಲದ ಮಿಂಚಿನಿಂದ ಸಾಧ್ಯವಾದ ಚಿತ್ರವಿದು. ನಾನು ಮೇಲೆ ವಿವರಿಸಿದ ಕ್ಯಾಲೆಂಡರ್ ಚಿತ್ರಗಳ ಮೂಲಪುರುಷ ಎಂದು ಇದನ್ನು ಕರೆಯಬಹುದು. ಆ ಕಾಲಕ್ಕೆ ಇದು ದೊಡ್ಡ ಸಾಧನೆ; ಇದನ್ನು ಹಳಿಯಲು ನನಗೆ ಮನಸ್ಸಿಲ್ಲ. ಆದರೆ ಅದನ್ನು ಅನುಸರಿಸಿದವರು ಹಾಸ್ಕಿಂಗ್‌ನ ತಾಳ್ಮೆಯನ್ನು ಬಿಟ್ಟು ಅವನ ಗೂಬೆಯ ಭಂಗಿಯನ್ನು ಮಾತ್ರ ತೆಗೆದುಕೊಂಡರು.

ಮೂರನೆಯದು ನಮ್ಮ ಕಾಲದ್ದು. ಸ್ಪೇನಿನ ಕ್ಯಾಟಲೋನಿಯದ ಛಾಯಾಗ್ರಾಹಕ ಜಾವಿ ಬೌ ಒಂದು ಹಾರಾಟದ ಬಹು ಸಂಖ್ಯೆಯ ಚೌಕಟ್ಟುಗಳನ್ನು ಒಂದೇ ಚಿತ್ರದೊಳಗೆ ಸೇರಿಸುತ್ತಾರೆ. ಹಕ್ಕಿ ಸಾಗಿದ ದಾರಿ ಆಕಾಶದಲ್ಲಿ ಹೆಣೆದ ಜಡೆಯಂತೆ, ಹಗ್ಗದಂತೆ ಕಾಣುತ್ತದೆ. ರೆಕ್ಕೆ ತುದಿ ಬರೆದ ಅಲೆಯನ್ನು ನೋಡಿದರೆ ಭೌತವಿಜ್ಞಾನ ಓದಿದವರಿಗೆ ಆವರ್ತ ಚಲನೆಯ ನಕ್ಷೆಯೇ ಕಣ್ಣ ಮುಂದೆ ಬಂದಂತಾಗುತ್ತದೆ. ಮರೇಯ ವಿಧಾನ ಇಲ್ಲಿ ಬಣ್ಣ, ಬಯಲುಗಳೊಂದಿಗೆ ಮರಳಿ ಬಂದಿದೆ. ಇದಕ್ಕೂ ಒಂದು ಕೊರತೆಯಿದೆ: ದಾರಿ ಉಳಿದು ಹಕ್ಕಿ ಕರಗುತ್ತದೆ. ಆದರೂ ಇಂಥ ಚಿತ್ರದೊಡನೆ ಸೆಕೆಂಡಿಗೆ ಎಷ್ಟು ಚೌಕಟ್ಟು ಎಂಬ ಒಂದು ಸಂಖ್ಯೆಯನ್ನೂ ಹಕ್ಕಿಯ ಉದ್ದವನ್ನೂ ಕೊಟ್ಟರೆ, ಅದರ ವೇಗವನ್ನೂ ಬಡಿತದ ದರವನ್ನೂ ಪ್ರೌಢಶಾಲೆಯ ಹುಡುಗಿಯೊಬ್ಬಳು ಸ್ಕೇಲು ಹಿಡಿದು ಕಂಡುಹಿಡಿಯಬಲ್ಲಳು.

ಸಂಯೋಜನೆಯ ಸೂತ್ರಗಳು ಎಲ್ಲಿಂದ ಬಂದವು?

ಹೊಸಬರಿಗೆ ಕಲಿಸುವ ಸೂತ್ರಗಳು ಮುಖ್ಯವಾಗಿ ಮೂರು: ಕಣ್ಣು ಚೂಪಾಗಿರಲಿ, ಹಕ್ಕಿಯ ಮುಂದೆ ಜಾಗ ಬಿಡಿ, ಹಿನ್ನೆಲೆ ನುಣುಪಾಗಿರಲಿ. ಇವು ತಪ್ಪಲ್ಲ. ಆದರೆ ಇವುಗಳ ಕಾರಣ ತಿಳಿಯದೆ ಅನುಸರಿಸಿದಾಗ ಎಲ್ಲ ಚಿತ್ರಗಳೂ ಒಂದೇ ಅಚ್ಚಿನವಾಗುತ್ತವೆ.

ಕಣ್ಣಿನ ಸೂತ್ರ ಹುಟ್ಟಿದ್ದು ಒಂದು ಅನಿವಾರ್ಯತೆಯಿಂದ. 400 ಮಿ.ಮೀ. ಮಸೂರವನ್ನು ಎಫ್ 5.6 ದ್ವಾರದಲ್ಲಿಟ್ಟು 20 ಮೀಟರ್ ದೂರಕ್ಕೆ ಹೊಂದಿಸಿದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು 84 ಸೆ.ಮೀ. ಮಾತ್ರ. ಬಣ್ಣದ ಕೊಕ್ಕರೆಯ ರೆಕ್ಕೆಗಳ ಹರವು ಒಂದೂವರೆ ಮೀಟರಿನಷ್ಟು. ಅದು ನಿಮ್ಮ ಮುಂದೆ ಅಡ್ಡ ಹಾದುಹೋಗುವಾಗ ಹತ್ತಿರದ ರೆಕ್ಕೆಯ ತುದಿ, ದೂರದ ರೆಕ್ಕೆಯ ತುದಿ ಎರಡೂ ಸ್ಪಷ್ಟವಾಗಿ ಮೂಡುವುದು ಸಾಧ್ಯವೇ ಇಲ್ಲ. ಎಲ್ಲವನ್ನೂ ಉಳಿಸಲಾಗದಿದ್ದರೆ ಕಣ್ಣನ್ನಾದರೂ ಉಳಿಸಿ ಎಂಬುದು ಈ ಸೂತ್ರದ ತಾತ್ಪರ್ಯ. ಕೂತ ಹಕ್ಕಿಗೆ ಇದು ಸರಿ. ಹಾರುವ ಹಕ್ಕಿಯ ಕಥೆ ಇರುವುದು ರೆಕ್ಕೆಯಲ್ಲಿ, ಬಾಲದಲ್ಲಿ. ಹದ್ದು ತಿರುವು ತೆಗೆದುಕೊಳ್ಳುವಾಗ ಅದರ ಬಾಲ ಹೇಗೆ ಓರೆಯಾಗುತ್ತದೆ ಎಂಬುದನ್ನು ತೋರಿಸುವ ಚಿತ್ರದಲ್ಲಿ ಕಣ್ಣು ಸ್ವಲ್ಪ ಮಸುಕಾದರೆ ನಾನಂತೂ ಅಂಕ ಕಳೆಯಲಾರೆ.

ಮುಂದೆ ಜಾಗ ಬಿಡಬೇಕೆನ್ನುವುದೇಕೆ? ನೋಡುವವರ ಕಣ್ಣು ಹಕ್ಕಿಯ ವೇಗದ ದಿಕ್ಕನ್ನು ಹಿಡಿದು ಮುಂದಕ್ಕೆ ಸಾಗುತ್ತದೆ. ಅಲ್ಲಿ ಅಂಚು ಅಡ್ಡ ಬಂದರೆ ಮುಗ್ಗರಿಸುತ್ತದೆ. ಆದರೆ ವೇಗವೊಂದೇ ಅಲ್ಲ, ವೇಗೋತ್ಕರ್ಷವೂ ಇದೆಯಲ್ಲ? ಇಳಿಯುವ ಹೆಜ್ಜಾರ್ಲೆ ಮುಂದಕ್ಕೆ ಸಾಗುತ್ತಿದ್ದರೂ ಅದರ ವೇಗೋತ್ಕರ್ಷ ಹಿಂದಕ್ಕೆ. ರೆಕ್ಕೆಯನ್ನು ಬಟ್ಟಲಿನಂತೆ ಬಾಗಿಸಿ, ಕಾಲು ಮುಂದೆ ಚಾಚಿ ಅದು ಬ್ರೇಕು ಹಾಕುತ್ತಿದೆ. ಆ ಚಿತ್ರಕ್ಕೆ ಬೇಕಾದದ್ದು ಖಾಲಿ ಜಾಗವಲ್ಲ; ಅದು ಇಳಿಯಲಿರುವ ನೀರು ಅಥವಾ ಕೊಂಬೆ. ಬಿಸಿಗಾಳಿಯ ಕಂಬವನ್ನು ಹಿಡಿದು ಸುತ್ತುತ್ತಾ ಏರುವ ಕೊಕ್ಕರೆಗಳಿಗೆ ಬೇಕಾದದ್ದು ಕೆಳಗೆ ಕಾಯುತ್ತಿರುವ ಬಂಡೆ, ಬಯಲು. ನೆಟ್ಟಗೆ ಧುಮುಕಲು ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಲ್ಲುವ ಕಪ್ಪು-ಬಿಳಿ ಮಿಂಚುಳ್ಳಿಗೆ ಜಾಗ ಬಿಡಬೇಕಾದದ್ದು ಕೆಳಗೆ, ಮುಂದೆ ಅಲ್ಲ. ಹಕ್ಕಿ ಯಾವ ಬಲದೊಡನೆ ವ್ಯವಹರಿಸುತ್ತಿದೆಯೋ ಅದರ ಕುರುಹು ಚೌಕಟ್ಟಿನೊಳಗೆ ಇರಲಿ. ಸಂಯೋಜನೆಯ ಬಗ್ಗೆ ನಾನು ಹೇಳಬಲ್ಲ ಒಂದೇ ಸೂತ್ರವಿದು.

ಇನ್ನು ನುಣುಪಾದ ಹಿನ್ನೆಲೆ. ಉದ್ದ ಮಸೂರದಿಂದ ಹಕ್ಕಿಯನ್ನು ಚೌಕಟ್ಟು ತುಂಬುವಷ್ಟು ಹಿಗ್ಗಿಸಿ, ಹಿಂದಿನದನ್ನೆಲ್ಲ ಬಣ್ಣದ ಕಲಸುಮೇಲೋಗರ ಮಾಡಿದರೆ ಅದು ರಂಗನತಿಟ್ಟಿನ ರೀವವೋ ಭದ್ರಾ ಜಲಾಶಯದ ರೀವವೋ ತಿಳಿಯದು. ಹಕ್ಕಿ ದೊಡ್ಡದೋ ಚಿಕ್ಕದೋ ಅದೂ ತಿಳಿಯದು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಹೊಲಗಳ ಮೇಲೆ, ಊರಿನ ಸಾಲುಮನೆಗಳ ಮೇಲೆ ಹಾರುವಂತೆ ತೋರಿಸಿದ ಚಿತ್ರ ನಮಗೆ ಹೇಳುವುದು ಹೆಚ್ಚು.

ನಾನು ತಪ್ಪಿದ ಚಿತ್ರ

ಇಷ್ಟೆಲ್ಲ ಬರೆಯುವ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಅದನ್ನು ಹೇಳದಿದ್ದರೆ ಈ ವಿಮರ್ಶೆ ಅಪೂರ್ಣವಾದೀತು.

ಕೆಲವು ವರ್ಷಗಳ ಹಿಂದೆ ವಿದ್ಯಾರ್ಥಿಗಳ ಛಾಯಾಚಿತ್ರ ಸ್ಪರ್ಧೆಯೊಂದಕ್ಕೆ ನಾನು ತೀರ್ಪುಗಾರರಲ್ಲಿ ಒಬ್ಬನಾಗಿದ್ದೆ. ಬಂದ ಚಿತ್ರಗಳಲ್ಲಿ ಒಂದು ಎಲ್ಲರ ಮನಸ್ಸನ್ನೂ ಸೆಳೆಯಿತು. ಗೂಡುಗಳಿಂದ ತುಂಬಿದ ಮರವೊಂದರಿಂದ ಮೂವತ್ತರಷ್ಟು ಬಣ್ಣದ ಕೊಕ್ಕರೆಗಳು ಒಟ್ಟಿಗೇ ಮೇಲೆದ್ದಿವೆ. ನಡುವೆ ಮರ, ಸುತ್ತಲೂ ಹೂವಿನ ದಳಗಳಂತೆ ಹಕ್ಕಿಗಳು. ಗುಲಾಬಿ ಗರಿಗಳಿಗೆ ಬಿಸಿಲು ಬಿದ್ದಿದೆ. ನಾನು ಅತಿ ಹೆಚ್ಚಿನ ಅಂಕ ಕೊಟ್ಟೆ. ಸಂಯೋಜನೆಯಲ್ಲಿ ಎಂಥ ಸಮತೋಲನ ಎಂದು ಬಹುಮಾನ ವಿತರಣೆಯ ದಿನ ಮಾತನಾಡಿಯೂ ಬಿಟ್ಟೆ.

ಸಭೆ ಮುಗಿದ ಮೇಲೆ ಹಕ್ಕಿಗಳನ್ನು ಬಹುಕಾಲದಿಂದ ನೋಡುತ್ತ ಬಂದ ಹಿರಿಯರೊಬ್ಬರು ನನ್ನ ಬಳಿ ಬಂದು ಮೆಲ್ಲಗೆ ಕೇಳಿದರು: "ಮೇಷ್ಟ್ರೇ, ಆ ಹೊತ್ತಿಗೆ ಗಾಳಿ ಯಾವ ಕಡೆಯಿಂದ ಬೀಸ್ತಿತ್ತು ಅಂತೀರಿ?"

ಅವರ ಪ್ರಶ್ನೆ ನನಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ರೆಕ್ಕೆಗೆ ಬೇಕಾದದ್ದು ಗಾಳಿಗೆ ಸಾಪೇಕ್ಷವಾದ ವೇಗ. ಹಾರಲು ಸೆಕೆಂಡಿಗೆ 10 ಮೀಟರ್ ಬೇಕಿದ್ದು, ಎದುರುಗಾಳಿ 4 ಮೀಟರ್ ಇದ್ದರೆ ನೆಲಕ್ಕೆ ಹೋಲಿಸಿದಂತೆ 6 ಮೀಟರ್ ವೇಗ ಪಡೆದರೆ ಸಾಕು. ಗಾಳಿ ಬೆನ್ನಿಗಿದ್ದರೆ 14 ಮೀಟರ್ ಬೇಕು. ಆದ್ದರಿಂದ ಭಾರದ ಹಕ್ಕಿ ತಾನಾಗಿ ಏಳುವಾಗ ಗಾಳಿಗೆ ಮುಖವೊಡ್ಡಿ ಏಳುತ್ತದೆ. ಒಂದೇ ಗುಂಪು, ಒಂದೇ ಗಾಳಿ, ಹೆಚ್ಚುಕಡಿಮೆ ಒಂದೇ ದಿಕ್ಕು. ಈ ಪಾಠವನ್ನು ನಾನು ವರ್ಷವರ್ಷವೂ ವಿಮಾನದ ಉದಾಹರಣೆ ಕೊಟ್ಟು ಹೇಳುತ್ತಿದ್ದೆ. ಆದರೆ ನಾನು ಮೆಚ್ಚಿದ ಚಿತ್ರದಲ್ಲಿ ಹಕ್ಕಿಗಳು ಎಲ್ಲ ದಿಕ್ಕಿಗೂ ಎದ್ದಿದ್ದವು. ನಾನು ಸಮತೋಲನ ಎಂದು ಹೊಗಳಿದ್ದು ಗಾಬರಿಯನ್ನು. ಹಕ್ಕಿಗಳನ್ನು ಯಾರೋ ಬೆದರಿಸಿ ಎಬ್ಬಿಸಿದ್ದರು.

ಮತ್ತೆ ಚಿತ್ರವನ್ನು ನೋಡಿದೆ. ಕೊಂಬೆಗಳ ನೆರಳು ನೇರ ಕೆಳಗೇ ಬಿದ್ದಿತ್ತು. ಅಂದರೆ ಸುಡು ಮಧ್ಯಾಹ್ನ. ಗೂಡುಗಳಲ್ಲಿ ಮರಿಗಳಿದ್ದವು. ಬಣ್ಣದ ಕೊಕ್ಕರೆಯ ತಾಯಿ ತಂದೆಯರು ಬಿಸಿಲಿನಲ್ಲಿ ರೆಕ್ಕೆ ಹರಡಿ ನಿಂತು ಮರಿಗಳಿಗೆ ನೆರಳು ಕೊಡುತ್ತವೆ. ಆ ನೆರಳು ಎದ್ದುಹೋಗಿತ್ತು. ಹತ್ತಿರದಲ್ಲಿ ಕಾಗೆ, ಹದ್ದುಗಳಿದ್ದರೆ ಅವುಗಳಿಗೆ ಬೇಕಾದದ್ದೂ ಇಷ್ಟೇ ಅವಕಾಶ. ಆಮೇಲೆ ವಿಚಾರಿಸಿದಾಗ ಹುಡುಗ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ಗೆಳೆಯ ತಗಡು ಬಡಿದನಂತೆ. ಹಾಗೆ ಮಾಡಬಾರದೆಂದು ಅವನಿಗೆ ಯಾರೂ ಹೇಳಿರಲಿಲ್ಲ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಸಾಕ್ಷಿಯೆಲ್ಲ ಚಿತ್ರದಲ್ಲೇ ಇತ್ತು. ಅದನ್ನು ಓದಬೇಕಾಗಿದ್ದವನು ನಾನು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಬೇಟೆ ಎಂಬ ಪದಕ್ಕೆ ಕೊಟ್ಟಿರುವ ಅರ್ಥವ್ಯಾಪ್ತಿಯೊಳಗೆ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳನ್ನು ಕದಡುವುದೂ ಸೇರಿದೆ. ಕೋವಿ ಹಿಡಿಯದೆಯೂ ಬೇಟೆಗಾರರಾಗಬಹುದು ಎಂಬುದನ್ನು ಕ್ಯಾಮೆರಾ ಹಿಡಿಯುವವರೆಲ್ಲ ತಿಳಿದಿರಬೇಕು. ಕೊಕ್ಕರೆಬೆಳ್ಳೂರಿನಲ್ಲಿ ಜನರ ಹಿತ್ತಲಿನ ಮರಗಳಲ್ಲೇ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿ ಮರಿ ಮಾಡುತ್ತ ಬಂದಿವೆ. ಅಲ್ಲಿ ಹಕ್ಕಿ ಬೆದರದಿರುವುದು ಊರಿನವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ನಂಬಿಕೆಯ ಫಲ. ಒಂದು ಚಿತ್ರಕ್ಕಾಗಿ ಅದನ್ನು ಖರ್ಚು ಮಾಡುವ ಹಕ್ಕು ಹೊರಗಿನಿಂದ ಬಂದ ನಮಗಿಲ್ಲ.

ಬಹುಮಾನಕ್ಕೂ ಸತ್ಯಕ್ಕೂ ಜಗಳ ನಮ್ಮಲ್ಲಿ ಮಾತ್ರ ನಡೆಯುವುದಲ್ಲ. ಬ್ರಿಟನ್ನಿನ ಪ್ರಸಿದ್ಧ ವನ್ಯಜೀವಿ ಛಾಯಾಚಿತ್ರ ಸ್ಪರ್ಧೆಯಲ್ಲಿ 2009ರ ಬಹುಮಾನ ಗೆದ್ದ ತೋಳದ ಚಿತ್ರವನ್ನು, ಅದು ಪಳಗಿಸಿದ ತೋಳವಿರಬಹುದೆಂಬ ಕಾರಣಕ್ಕೆ 2010ರಲ್ಲಿ ಕೈಬಿಡಲಾಯಿತು. ಈಗಂತೂ ಇಲ್ಲದ ಹಕ್ಕಿಯನ್ನೇ ಕಂಪ್ಯೂಟರ್ ಸೃಷ್ಟಿಸಿಕೊಡುತ್ತದೆ. ಅದು ಕಲಿತಿರುವುದು ನಾವು ಸೋಸಿ ಉಳಿಸಿದ ಚಿತ್ರಗಳಿಂದಲೇ. ಆದ್ದರಿಂದ ಅದು ಸೃಷ್ಟಿಸುವ ಹಕ್ಕಿಯೂ ರೆಕ್ಕೆ ಎತ್ತಿ ನಿಂತಿದ್ದರೆ ಆಶ್ಚರ್ಯಪಡಬೇಕಾಗಿಲ್ಲ.

ನೀವು ಮಾಡಿ ನೋಡಬಹುದಾದದ್ದು

ದೂಷಣೆಯಷ್ಟೇ ಸಾಲದು, ಕೆಲಸಕ್ಕೆ ಬರುವ ನಾಲ್ಕು ಮಾತುಗಳನ್ನೂ ಹೇಳುತ್ತೇನೆ. ಅಭ್ಯಾಸಕ್ಕೆ ಅಭಯಾರಣ್ಯ ಬೇಡ. ಬಸ್‌ನಿಲ್ದಾಣದ ಪಾರಿವಾಳ, ಗದ್ದೆಯ ಬೆಳ್ಳಕ್ಕಿ, ಮೀನು ಮಾರುಕಟ್ಟೆಯ ಹದ್ದು ಸಾಕು.

ಮೊದಲು ಗಾಳಿಯನ್ನು ಗಮನಿಸಿ. ಗಾಳಿಯೂ ಸೂರ್ಯನೂ ನಿಮ್ಮ ಬೆನ್ನಿಗಿರುವಂತೆ ನಿಂತರೆ ಏಳುವ, ಇಳಿಯುವ ಹಕ್ಕಿಗಳು ತಾವಾಗಿ ನಿಮ್ಮ ಕಡೆಗೆ ಮುಖ ಮಾಡುತ್ತವೆ. ಎದುರುಗಾಳಿಯಲ್ಲಿ ಅವುಗಳ ನೆಲವೇಗ ಕಡಿಮೆ, ಹಿಂಬಾಲಿಸುವುದೂ ಸುಲಭ. ಬೆದರಿಸುವ ಅಗತ್ಯವೇ ಇಲ್ಲ, ಕಾಯುವುದಷ್ಟೇ. ತಿನ್ನುತ್ತಿದ್ದ ಹಕ್ಕಿ ತಲೆಯೆತ್ತಿ ನಿಮ್ಮನ್ನು ನೋಡಿತೆಂದರೆ ನೀವು ಆಗಲೇ ಹತ್ತಿರವಾಗಿದ್ದೀರಿ. ಎರಡು ಹೆಜ್ಜೆ ಹಿಂದೆ ಸರಿಯಿರಿ.

ಎರಡನೆಯದಾಗಿ, ಹಾರುವಾಗ ಚೌಕಟ್ಟನ್ನು ಹೊಂದಿಸಲು ಸಮಯವಿರುವುದಿಲ್ಲ. ಹಕ್ಕಿಯನ್ನು ನಡುವಿನಲ್ಲಿಟ್ಟು ಸುತ್ತ ಧಾರಾಳವಾಗಿ ಜಾಗ ಬಿಡಿ. ಸಂಯೋಜನೆಯನ್ನು ಮನೆಯಲ್ಲಿ ಕತ್ತರಿಸಿ ಮಾಡಬಹುದು. 6000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಅರ್ಧ ಅಗಲ ಕತ್ತರಿಸಿದರೂ ಉಳಿಯುವ 3000 ಪಿಕ್ಸೆಲ್ 25 ಸೆ.ಮೀ. ಅಗಲದ ಒಳ್ಳೆಯ ಮುದ್ರಣಕ್ಕೆ ಸಾಕು. ರೆಕ್ಕೆ ತುದಿಯನ್ನು ಚೌಕಟ್ಟಿನ ಹೊರಗೆ ಕಳೆದುಕೊಂಡರೆ ಮಾತ್ರ ಮರಳಿ ತರಲಾಗದು.

ಮೂರನೆಯದಾಗಿ, ಒಂದು ಬಡಿತದ ಎಲ್ಲ ಘಟ್ಟಗಳನ್ನೂ ಉಳಿಸಿಕೊಳ್ಳಿ. ಸೆಕೆಂಡಿಗೆ 20 ಚಿತ್ರ ತೆಗೆಯುವ ಕ್ಯಾಮೆರಾ ಪಾರಿವಾಳದ ಒಂದು ಬಡಿತಕ್ಕೆ ಮೂರು ಚಿತ್ರ ಕೊಡುತ್ತದೆ. ಚೂಪಾದದ್ದನ್ನು ಆರಿಸಿ ಉಳಿದವನ್ನು ಅಳಿಸುವ ಬದಲು ಮೂರನ್ನೂ ಅಕ್ಕಪಕ್ಕ ಮುದ್ರಿಸಿ ನೋಡಿ. ಇದು ಮರೇಗೆ ನೀವು ಸಲ್ಲಿಸುವ ಗೌರವವೂ ಹೌದು.

ನಾಲ್ಕನೆಯದಾಗಿ, ಕೆಲವೊಮ್ಮೆ ಷಟರ್ ನಿಧಾನ ಮಾಡಿ. 1/60 ಸೆಕೆಂಡಿನಲ್ಲಿ ಪಾರಿವಾಳವನ್ನು ಹಿಂಬಾಲಿಸಿದರೆ ತಲೆ ನಿಂತು, ರೆಕ್ಕೆ ತುದಿ ನಡುಘಟ್ಟದಲ್ಲಿ ಸುಮಾರು 17 ಸೆ.ಮೀ. ಬೀಸಿದ ಗುರುತು ಉಳಿಯುತ್ತದೆ. ಆ ಮಸುಕನ್ನು ದೋಷವೆಂದು ತಿಳಿಯಬೇಡಿ, ಅದೊಂದು ಅಳತೆ. ಪಟ್ಟಿಯ ಉದ್ದವನ್ನು ಹಕ್ಕಿಯ ಮೈ ಉದ್ದಕ್ಕೆ ಹೋಲಿಸಿ, ಷಟರ್ ತೆರೆದಿದ್ದ ಕಾಲದಿಂದ ಭಾಗಿಸಿದರೆ ರೆಕ್ಕೆ ತುದಿಯ ವೇಗ ಸಿಗುತ್ತದೆ. ತರಗತಿಯಲ್ಲಿ ಹೀಗೆ ಮಾಡಿಸಿದ ಮೇಲೆ ನನ್ನ ವಿದ್ಯಾರ್ಥಿಗಳು ಬಿಡಿಸುವ ಪಾರಿವಾಳದ ರೆಕ್ಕೆ ಮೆಲ್ಲಮೆಲ್ಲಗೆ ಕೆಳಗಿಳಿಯತೊಡಗಿದೆ!

ಕೊನೆಯದಾಗಿ, ಪ್ರದರ್ಶನ ಏರ್ಪಡಿಸುವವರಲ್ಲಿ ಒಂದು ಮನವಿ. ಚಿತ್ರದ ಕೆಳಗೆ ಹಕ್ಕಿಯ ಹೆಸರಿನ ಜೊತೆ ಷಟರ್ ಕಾಲ, ಅಂದಾಜು ದೂರ, ದಿನದ ಹೊತ್ತು, ಗಾಳಿಯ ದಿಕ್ಕು ಇಷ್ಟನ್ನು ಬರೆಸಿ. ಹಕ್ಕಿ ಹಾರಿದ್ದು ತಾನಾಗಿಯೋ ಎಬ್ಬಿಸಿದ್ದರಿಂದಲೋ ಎಂಬುದನ್ನೂ ಬರೆಸಿ. ಸುಳ್ಳು ಬರೆಯುವವರು ಇರಬಹುದು. ಆದರೆ ಬಹಳಷ್ಟು ಬಾರಿ ಗಾಳಿ, ನೆರಳು, ರೆಕ್ಕೆಗಳು ಆ ಸುಳ್ಳನ್ನು ಬಯಲು ಮಾಡುತ್ತವೆ. ನೋಡುವವರಿಗೆ ಅವುಗಳನ್ನು ಓದುವ ಅಭ್ಯಾಸವಿರಬೇಕು ಅಷ್ಟೆ.

ಆ ಹಿರಿಯರು ಈಗಲೂ ಸಿಕ್ಕಾಗ ಗಾಳಿಯ ಸಮಾಚಾರ ಕೇಳುತ್ತಾರೆ. ಈಗ ನಾನು ಮೊದಲು ಚಿತ್ರ ನೋಡುತ್ತೇನೆ, ಆಮೇಲೆ ಉತ್ತರ ಹೇಳುತ್ತೇನೆ. ನಿಮ್ಮ ಗೋಡೆಯ ಕ್ಯಾಲೆಂಡರಿನ ಹಕ್ಕಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ? ನೋಡಿ ಹೇಳಬಲ್ಲಿರಾ?